ಕ್ರಿಸ್ಮಸ್ ಜರೀಗಿಡ

ಪೂರ್ವ ಉತ್ತರ ಅಮೆರಿಕದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ನಿತ್ಯಹಸಿರು ಜರೀಗಿಡ. ಡ್ರಯಾಪ್ಟೆರಿಡೇಸೀ ಕುಟುಂಬಕ್ಕೆ ಸೇರಿದೆ. ಶಾಸ್ತ್ರೀಯ ನಾಮ ಪಾಲಿಸ್ಟಿಕಮ್ ಅಕ್ರೊಸ್ಟಿಕಾಯ್ಡೀಸ್. ಕೆನಡದ ನೋವಾ ಸ್ಕೋಷಿಯದಿಂದ ದಕ್ಷಿಣದಲ್ಲಿ ಫ್ಲಾರಿಡ, ಟೆಕ್ಸಸ್‌ಗಳವರೆಗೂ ಹಬ್ಬಿದೆ. ಮೇಪಲ್, ಬೀಚ್ ಮರಗಳು ಬೋಳಾಗಿ ನಿಂತ ಚಳಿಗಾಲದಲ್ಲೂ ಇದರ ಹಸಿರು ಮಾಸದು. ಕ್ರಿಸ್ಮಸ್ ಅಲಂಕಾರಕ್ಕೆ ಇದರ ಎಲೆಗಳನ್ನು ಕೊಯ್ದು ತರುವ ವಾಡಿಕೆ ಇತ್ತು. ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ.

ಎಲೆಗಳು ಒಂದೇ ಬುಡದಿಂದ ಕಾರಂಜಿಯಂತೆ ಸುತ್ತಲೂ ಬಾಗುತ್ತವೆ. ಉದ್ದ ಸಾಮಾನ್ಯವಾಗಿ 30-80 ಸೆಂಮೀ. ಪ್ರತಿ ಕಿರುಎಲೆಯ ಬುಡದಲ್ಲಿ ಒಂದು ಪುಟ್ಟ ಹಾಲೆ ಮೇಲಕ್ಕೆ ಚಾಚಿರುತ್ತದೆ. ಗುರುತಿಗೆ ಇಷ್ಟೇ ಸಾಕು. ಬೀಜಾಣುಗಳು ಎಲೆಯ ತುದಿಭಾಗದ ಕಿರಿದಾದ ಕಿರುಎಲೆಗಳ ಅಡಿಯಲ್ಲಷ್ಟೆ ಮೂಡುತ್ತವೆ. ಹಿಮ ಬೀಳತೊಡಗಿದ ಮೇಲೆ ಎಲೆಗಳು ನೆಲಕ್ಕೊರಗುತ್ತವೆ. ಗಿಡ ಸಾಯುತ್ತಿದೆಯೆಂದು ಹೊಸಬರು ಗಾಬರಿಯಾಗುವುದುಂಟು; ಆದರೆ ಒರಗಿದ ಎಲೆಗಳು ತರಗೆಲೆಗಳನ್ನು ಹಿಡಿದಿಟ್ಟು ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ.

ತೋಟದಲ್ಲಿ ಇದಕ್ಕೆ ಮರದಡಿಯ ನೆರಳು ಅಥವಾ ಮನೆಯ ಉತ್ತರ ಮಗ್ಗುಲು ಒಪ್ಪುತ್ತದೆ. ಬೆಳಗಿನ ಎಳೆಬಿಸಿಲು ಬಿದ್ದರೆ ತೊಂದರೆಯಿಲ್ಲ. ಚಳಿಯನ್ನು ಚೆನ್ನಾಗಿ ತಾಳುವ ಈ ಗಿಡಕ್ಕೆ ನಿಂತ ನೀರು ಮಾತ್ರ ಆಗದು: ಚಳಿಗಾಲದಲ್ಲಿ ತೇವ ಕಟ್ಟಿಕೊಂಡರೆ ಬುಡ ಕೊಳೆಯುತ್ತದೆ. ಆದ್ದರಿಂದ ಜೇಡಿಮಣ್ಣಿಗೆ ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಸಮತಟ್ಟು ನೆಲಕ್ಕಿಂತ ಇಳಿಜಾರು ಲೇಸು. ನೆಡುವಾಗ ಎಲೆ ಚಿಗುರುವ ನೆತ್ತಿ ಮಣ್ಣಿನ ಮಟ್ಟದಲ್ಲಿರಬೇಕು, ಹೂತುಹೋಗಬಾರದು. ಗಿಡದಿಂದ ಗಿಡಕ್ಕೆ 45-60 ಸೆಂಮೀ ಅಂತರ ಸಾಕು. ಮೊದಲ ವರ್ಷ ಮಣ್ಣು ಒಣಗದಂತೆ ನೀರು ಕೊಡಬೇಕು. ಬೇರೂರಿದ ಗಿಡ ಅಲ್ಪಸ್ವಲ್ಪ ಬರವನ್ನೂ ತಡೆದುಕೊಳ್ಳುತ್ತದೆ.

ಆರೈಕೆ ಹೆಚ್ಚೇನಿಲ್ಲ. ಜಿಂಕೆಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲ. ಅಮೆರಿಕದ ತೋಟಗಾರರಿಗೆ ಇದು ಸಣ್ಣ ಸಮಾಧಾನವಲ್ಲ. ವಸಂತದಲ್ಲಿ ಬೆಳ್ಳಿಬಣ್ಣದ ಹೊಟ್ಟು ಹೊದ್ದ ಸುರುಳಿಗಳು ಬಿಚ್ಚಿಕೊಳ್ಳುವ ಮುನ್ನ, ಜೀರ್ಣವಾದ ಹಳೆಯ ಎಲೆಗಳನ್ನು ಕತ್ತರಿಸಬಹುದು. ಕತ್ತರಿಸದಿದ್ದರೆ ಅವು ಅಲ್ಲೇ ಕೊಳೆತು ಗೊಬ್ಬರವಾಗುತ್ತವೆ.

ಗುಪ್ತಕಾಂಡ ನೆಲದೊಳಗೆ ದೂರ ಹರಿಯದ ಕಾರಣ ಗಿಡ ನೆಟ್ಟಲ್ಲೇ ಪೊದೆಯಾಗಿ ದಪ್ಪವಾಗುತ್ತದೆ. ನೆಲ ಬೇಗ ಮುಚ್ಚಬೇಕೆನ್ನುವವರಿಗೆ ಇದು ತಕ್ಕುದಲ್ಲ. ಹಲವು ನೆತ್ತಿಗಳಿರುವ ಹಳೆಯ ಪೊದೆಯನ್ನು ವಸಂತದ ಆರಂಭದಲ್ಲಿ ಅಗೆದು, ಪ್ರತಿ ತುಂಡಿಗೂ ಬೇರು ಉಳಿಯುವಂತೆ ಸೀಳಿ ನೆಡುವುದು ವೃದ್ಧಿಯ ಸುಲಭ ದಾರಿ. ಬೀಜಾಣುಗಳಿಂದಲೂ ಬೆಳೆಸಬಹುದು, ಆದರೆ ಹದವಾದ ಗಿಡ ಸಿಗಲು ಕೆಲವು ವರ್ಷ ಕಾಯಬೇಕಾಗುತ್ತದೆ.