ತರಗತಿಯಲ್ಲಿ ಒಂದು ರ‍್ಯಾಪ್ ಹಾಡು: ಚರಿತ್ರೆಯ ಆಕರವಾಗಿ ‘ದಿ ಮೆಸೇಜ್’

ಅಮೆರಿಕದ ಶಾಲಾ ಕಾಲೇಜುಗಳಲ್ಲಿ ಹಿಪ್‌ಹಾಪ್ ಸಂಗೀತವನ್ನು ಬೋಧನೆಯ ಸಾಧನವಾಗಿ ಬಳಸುವ ಪದ್ಧತಿ ಕಳೆದ ಕೆಲವು ದಶಕಗಳಿಂದ ಬೆಳೆದುಬಂದಿದೆ. ಅದನ್ನು ಸಮರ್ಥಿಸುವವರು ವಿದ್ಯಾರ್ಥಿಗಳ ಆಸಕ್ತಿಯನ್ನು ಮುಂದಿಡುತ್ತಾರೆ. ವಿರೋಧಿಸುವವರು ಅನೇಕ ಹಾಡುಗಳಲ್ಲಿರುವ ಸ್ತ್ರೀನಿಂದೆ ಮತ್ತು ಹಿಂಸೆಯ ವರ್ಣನೆಗಳನ್ನು ಎತ್ತಿ ತೋರಿಸುತ್ತಾರೆ. ಎರಡು ವಾದಗಳೂ ನಿರಾಧಾರವಾದುವಲ್ಲ. ಆದರೆ ಚರಿತ್ರೆಯನ್ನು ಬೋಧಿಸುವ ನಮಗೆ ಬೇರೊಂದು ಪ್ರಶ್ನೆ ಹೆಚ್ಚು ಮುಖ್ಯವೆಂದು ತೋರುತ್ತದೆ. ಶಾಸನಕ್ಕೂ ಕಡತಕ್ಕೂ ನಾವು ಒಡ್ಡುವ ಪರೀಕ್ಷೆಯನ್ನು ತರಗತಿಗೆ ತಂದ ಹಾಡಿಗೂ ಒಡ್ಡುತ್ತೇವೆಯೆ?

ಹಿಪ್‌ಹಾಪಿನ ಉಗಮವನ್ನು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಭಾಗದಲ್ಲಿ ಗುರುತಿಸುವುದು ವಾಡಿಕೆ. ಜಮೈಕದಲ್ಲಿ ಹುಟ್ಟಿ ಅಲ್ಲಿಗೆ ಬಂದು ನೆಲಸಿದ ಕ್ಲೈವ್ ಕ್ಯಾಂಬೆಲ್ ಎಂಬ ತರುಣರು ‘ಕೂಲ್ ಹರ್ಕ್’ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಅವರು 1973ರ ಆಗಸ್ಟ್ 11ರಂದು ಸೋದರಿ ಏರ್ಪಡಿಸಿದ್ದ ಒಂದು ಕೂಟದಲ್ಲಿ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದ ದಿನವನ್ನೇ ಅದರ ಜನ್ಮದಿನವೆಂದು ಎಣಿಸುತ್ತಾರೆ. ಒಂದು ಸಂಸ್ಕೃತಿಗೆ ಹೀಗೆ ಜಾತಕ ಬರೆಯುವುದು ಎಷ್ಟುಮಟ್ಟಿಗೆ ಯುಕ್ತವೋ ಇರಲಿ. ಆ ಪರಿಸರದ ದುಃಸ್ಥಿತಿ ಮಾತ್ರ ನಿರ್ವಿವಾದವಾದುದು. 1948ರಲ್ಲಿ ಆರಂಭವಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯ ನಿರ್ಮಾಣದಿಂದ ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. 1970ರ ಜನಗಣತಿಯಲ್ಲಿ ಸುಮಾರು 14.7 ಲಕ್ಷವಿದ್ದ ಬ್ರಾಂಕ್ಸಿನ ಜನಸಂಖ್ಯೆ 1980ರಲ್ಲಿ 11.7 ಲಕ್ಷಕ್ಕೆ ಇಳಿಯಿತು. ನಡುವಣ ದಶಕ ಬೆಂಕಿಗೆ ಆಹುತಿಯಾದ ಮನೆಗಳ, ಬಾಗಿಲು ಹಾಕಿದ ಅಂಗಡಿಗಳ ದಶಕ.

ಈ ಜೀವನಕ್ಕೆ ಸಾಕ್ಷಿಯೆಂದು ಅಧ್ಯಾಪಕರು ಸಾಮಾನ್ಯವಾಗಿ ಆರಿಸಿಕೊಳ್ಳುವ ಹಾಡು, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ ಹೆಸರಿನಲ್ಲಿ 1982ರಲ್ಲಿ ಹೊರಬಂದ ‘ದಿ ಮೆಸೇಜ್’. ಅರ್ನೆಸ್ಟ್ ಮೊರೆಲ್ ಮತ್ತು ಜೆಫ್ರಿ ಡಂಕನ್-ಆಂಡ್ರಾಡೆ ಅವರು ಕ್ಯಾಲಿಫೋರ್ನಿಯದ ಪ್ರೌಢಶಾಲೆಯಲ್ಲಿ ಇದನ್ನು ಎಲಿಯಟ್ ಕವಿಯ ಪ್ರೂಫ್ರಾಕ್ ಕವನದ ಜೊತೆಯಲ್ಲಿಟ್ಟು ಪಾಠ ಮಾಡಿದ ಪ್ರಯೋಗವನ್ನು 2002ರಲ್ಲಿ ಪ್ರಕಟಿಸಿದರು. ಸಾಹಿತ್ಯದ ತರಗತಿಗೆ ಅದು ಸೊಗಸಾದ ಜೋಡಣೆಯೇ ಸರಿ. ಚರಿತ್ರೆಯ ತರಗತಿಗೆ ಅಷ್ಟು ಸಾಲದು.

ಏಕೆಂದರೆ ಈ ಹಾಡಿನ ಕರ್ತೃತ್ವವೇ ತೊಡಕಿನದು. ಇದರ ಬಹುಭಾಗವನ್ನು ರಚಿಸಿದವರು ‘ಡ್ಯೂಕ್ ಬೂಟಿ’ ಎಂಬ ಹೆಸರಿನ ಎಡ್ವರ್ಡ್ ಫ್ಲೆಚರ್. ಅವರು ಬ್ರಾಂಕ್ಸಿನವರಲ್ಲ, ನ್ಯೂಜೆರ್ಸಿಯ ಎಲಿಜಬೆತ್ ಪಟ್ಟಣದವರು, ಕಾಲೇಜು ಶಿಕ್ಷಣ ಪಡೆದವರು, ಷುಗರ್‌ಹಿಲ್ ಧ್ವನಿಮುದ್ರಣ ಸಂಸ್ಥೆಯ ವಾದ್ಯಗಾರರು. ತಂಡದವರಿಗೆ ಮೊದಲು ಈ ಹಾಡು ರುಚಿಸಲಿಲ್ಲ. ಸಂಸ್ಥೆಯ ಒಡತಿ ಸಿಲ್ವಿಯ ರಾಬಿನ್ಸನ್ ಅವರ ಒತ್ತಾಯದಿಂದ ಅದು ಮುದ್ರಿತವಾಯಿತು. ತಂಡದ ಗಾಯಕರಲ್ಲಿ ಅದರಲ್ಲಿ ಪ್ರಮುಖವಾಗಿ ಕೇಳಿಬರುವುದು ಮೆಲ್ಲೆ ಮೆಲ್ ಅವರ ಕಂಠ. ತಟ್ಟೆಯ ಮೇಲೆ ಯಾರ ಹೆಸರು ಎದ್ದು ಕಾಣುತ್ತದೆಯೋ ಆ ಫ್ಲ್ಯಾಶ್ ಅವರ ಪಾತ್ರ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಇನ್ನೂ ಒಂದು ವಿಶೇಷವುಂಟು: ಕೊನೆಯ ಪದ್ಯಭಾಗ ಹೊಸದಲ್ಲ. ತಂಡವು 1979ರಲ್ಲಿ ಹೊರತಂದ ‘ಸೂಪರ್‌ರ‍್ಯಾಪಿನ್’ ಎಂಬ ಹಾಡಿನಲ್ಲಿ ಮೆಲ್ಲೆ ಮೆಲ್ ಅವರು ಹಾಡಿದ್ದ ಭಾಗವನ್ನೇ ಇಲ್ಲಿ ತಂದು ಸೇರಿಸಿದೆ.

ಗ್ರಂಥಸಂಪಾದನೆಯ ಪರಿಚಯವುಳ್ಳ ನಮ್ಮ ಓದುಗರಿಗೆ ಇದು ಅಪರಿಚಿತವಾದ ಸಮಸ್ಯೆಯಲ್ಲ. ಅಂಕಿತ ಒಬ್ಬರದು, ರಚನೆ ಮತ್ತೊಬ್ಬರದು, ಒಳಗೆ ಹಳೆಯದೊಂದು ಪದರ. ಹಾಗೆಂದ ಮಾತ್ರಕ್ಕೆ ಹಾಡು ಸುಳ್ಳಾಗುವುದಿಲ್ಲ. ಬ್ರಾಂಕ್ಸಿನ ಗಾಯಕರ ಪದ್ಯ ಆ ನೆಲದ ಮಾತು. ಫ್ಲೆಚರ್ ಅವರದು ನೆರೆಯ ಇನ್ನೊಂದು ಪಟ್ಟಣದಿಂದ ನೋಡಿದ ನೋಟ. ಇವೆರಡನ್ನೂ ಬೆಸೆದದ್ದು ವ್ಯಾಪಾರದ ಲೆಕ್ಕಾಚಾರ. ಹಾಡನ್ನು ನೇರವಾಗಿ ‘ಬ್ರಾಂಕ್ಸಿನ ದನಿ’ ಎಂದು ಕೇಳಿಸಿ ಮುಂದೆ ಹೋಗುವ ಅಧ್ಯಾಪಕರು, ವಿದ್ಯಾರ್ಥಿಯನ್ನು ಗೌರವಿಸುವ ಭರದಲ್ಲಿ ಅವನಿಗೆ ವಿಮರ್ಶೆಯ ಸಾಧನವನ್ನೇ ಕೊಡದೆ ಹೋಗುತ್ತಾರೆ. ಬಡವರ ಮಕ್ಕಳಿಗೆ ಆಸಕ್ತಿ ಸಾಕು, ಪರೀಕ್ಷಕ ಬುದ್ಧಿ ಉಳ್ಳವರ ಮಕ್ಕಳಿಗೆ ಎಂಬ ವಿಭಾಗ ಹೀಗೆ ಸದ್ದಿಲ್ಲದೆ ಉಂಟಾಗುತ್ತದೆ. ಇದನ್ನು ನಾವು ಒಪ್ಪಲಾರೆವು.

1979ರ ತಟ್ಟೆ, 1982ರ ತಟ್ಟೆ, ಎರಡು ಜನಗಣತಿಗಳ ಕೋಷ್ಟಕ, ಇವಿಷ್ಟನ್ನು ಮೇಜಿನ ಮೇಲಿಟ್ಟರೆ ಎರಡು ಅವಧಿಗಳ ಪಾಠಕ್ಕೆ ಸಾಮಗ್ರಿ ಒದಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಮೊದಲ ಪಟ್ಟಿಯಲ್ಲಿಯೇ, 2002ರಲ್ಲಿ, ‘ದಿ ಮೆಸೇಜ್’ ಹಾಡನ್ನು ಸೇರಿಸಿತು. ಆ ವೇಳೆಗೆ ಫ್ಲೆಚರ್ ಅವರು ಸಂಗೀತೋದ್ಯಮವನ್ನು ಬಿಟ್ಟು ಅಧ್ಯಾಪಕ ವೃತ್ತಿಯನ್ನು ಹಿಡಿದಿದ್ದರು. ಮುಂದೆ ಅವರು ಜಾರ್ಜಿಯದ ಸವಾನ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು, 2021ರಲ್ಲಿ ತೀರಿಕೊಂಡರು. ಅಲ್ಲಿ ಅವರು ಕಲಿಸಿದ ವಿಷಯಗಳಲ್ಲಿ ಒಂದು ವಿಮರ್ಶಾತ್ಮಕ ಚಿಂತನೆ.