ತಾಲೀಮು: ಮೈಗೂ ಮನಸ್ಸಿಗೂ ಪಾಠ

ಮಾನ್ವಿ ತಾಲೂಕಿನ ಚೀಕಲಪರ್ವಿ ತುಂಗಭದ್ರೆಯ ದಡದ ಊರು. ದಾಸಸಾಹಿತ್ಯ ಬಲ್ಲವರಿಗೆ ಅದು ವಿಜಯದಾಸರ ಊರು. ಈ ದಡದಿಂದ ಕೃಷ್ಣೆಯವರೆಗಿನ ನೆಲಕ್ಕಾಗಿ ಬಹಮನಿ ಮತ್ತು ಆದಿಲ್‌ಶಾಹಿ ಸುಲ್ತಾನರೂ ವಿಜಯನಗರದ ಅರಸರೂ ಮತ್ತೆ ಮತ್ತೆ ಕಾದಾಡಿದರು. 1520ರ ರಾಯಚೂರು ಯುದ್ಧದ ಕಥೆ ನಮಗೆಲ್ಲ ಗೊತ್ತು. ಆದರೆ ಯುದ್ಧವಿಲ್ಲದ ದಿನಗಳಲ್ಲಿ ಇಲ್ಲಿನ ಜನ ಮೈಯನ್ನು ಹೇಗೆ ಹುರಿಗೊಳಿಸಿದರು, ಒಟ್ಟಿಗೆ ಹೇಗೆ ಆಡಿದರು ಎಂಬ ಚರಿತ್ರೆಯನ್ನು ನಾವು ಮಕ್ಕಳಿಗೆ ಹೇಳುವುದೇ ಕಡಿಮೆ.

ಆ ಚರಿತ್ರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಸಾಮು, ಪಟ್ಟುಗಳ ವಿವರವಿದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ: ರಾಯನು ನಸುಕಿಗೆ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಬೆವರಿಳಿದ ಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ ಆಡುತ್ತಿದ್ದ. ಸಿಂಹಾಸನದ ಮೇಲೆ ಕೂರುವವನೂ ನಸುಕಿನಲ್ಲಿ ಜಟ್ಟಿಯ ಪಟ್ಟಿಗೆ ಮೈಯೊಡ್ಡಬೇಕಿತ್ತು.

ನಮ್ಮ ಕಡೆ ಗರಡಿಮನೆಗೆ ತಾಲೀಮು ಎನ್ನುತ್ತೇವೆ. ಅರಬಿಯಲ್ಲಿ ಈ ಪದಕ್ಕೆ ‘ಕಲಿಸುವುದು’ ಎಂದರ್ಥ. ಇಲ್ಮ್ ಎಂಬ ಪದದ ಬೇರೇ ಇದರದೂ. ಕುಸ್ತಿ, ಪೈಲ್ವಾನ, ಉಸ್ತಾದ ಪಾರಸಿಯಿಂದ ಬಂದವು. ಗರಡಿ, ಸಾಮು, ಪಟ್ಟು ಕನ್ನಡದ ಮಾತುಗಳು. ಒಂದೇ ಮಣ್ಣಿನಲ್ಲಿ ಇಷ್ಟು ಭಾಷೆಗಳು ಬೆರೆತಿವೆ ಎಂದರೆ, ಅವನ್ನಾಡುವ ಜನರೂ ಅಲ್ಲಿ ಬೆರೆತಿದ್ದರು ಎಂದೇ ಅರ್ಥ.

ತಾಲೀಮಿನ ಕಟ್ಟಳೆಯನ್ನು ನೋಡಿ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿದ ಕೆಂಪು ಮಣ್ಣನ್ನು ಹುಡುಗರೇ ಅಗೆದು ಹದ ಮಾಡಬೇಕು. ಒಬ್ಬ ಹನುಮಂತನಿಗೆ ಕೈಮುಗಿದು ಇಳಿದರೆ ಇನ್ನೊಬ್ಬ ಬಿಸ್ಮಿಲ್ಲಾ ಎಂದು ಇಳಿಯುತ್ತಾನೆ. ಲಂಗೋಟಿ ಕಟ್ಟಿ ಮೈಗೆ ಮಣ್ಣು ಬಳಿದುಕೊಂಡ ಮೇಲೆ ಗೌಡರ ಮಗ ಯಾರು, ಕೂಲಿಯವನ ಮಗ ಯಾರು ಎಂದು ಗುರುತು ಸಿಗದು. ಪಟ್ಟು ಹಾಕುವ ಮುನ್ನ ಕೈ ಮಿಲಾಯಿಸಬೇಕು. ಚಿತ್ ಆದವನನ್ನು ಗೆದ್ದವನೇ ಕೈಹಿಡಿದು ಎಬ್ಬಿಸಬೇಕು. ಸಿಟ್ಟಿಗೆದ್ದವನನ್ನು ಉಸ್ತಾದರು ಹೊರಗೆ ಕೂರಿಸುತ್ತಾರೆ; ಸಿಟ್ಟು ಬಂದರೆ ಉಸಿರು ತಪ್ಪುತ್ತದೆ, ಉಸಿರು ತಪ್ಪಿದರೆ ಪಟ್ಟು ಸಡಿಲವಾಗುತ್ತದೆ. ಸೋತು ಮರುದಿನ ಮತ್ತೆ ಬರುವುದನ್ನೂ ಹುಡುಗ ಅಲ್ಲೇ ಕಲಿಯುತ್ತಾನೆ. ಬದುಕಿನಲ್ಲಿ ಕುಸ್ತಿಗಿಂತ ಹೆಚ್ಚು ಬೇಕಾಗುವುದು ಈ ಪಾಠವೇ.

ಎದುರಾಳಿಯನ್ನು ಕೆಡವುವವನಿಗಿಂತ ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಒಳ್ಳೆಯ ಉಸ್ತಾದರು ಮಣ್ಣಿನಲ್ಲಿ ಮಾಡಿಸುತ್ತಿದ್ದ ಅಭ್ಯಾಸವೂ ಅದೇ. ಪ್ರವಾದಿ(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದರು. ಮೊದಲ ಸಲ ಗೆದ್ದದ್ದು ಆಯಿಶಾ(ರ). ಹಾಗಿರುವಾಗ ವ್ಯಾಯಾಮ ಗಂಡುಮಕ್ಕಳಿಗೆ ಮಾತ್ರ ಎಂದು ನಾವು ಯಾಕೆ ತಿಳಿದೆವು?

ಇಂದು ವೈದ್ಯರು ಹೇಳುವುದೂ ದೂರದ ಮಾತಲ್ಲ. ಮೈ ದಣಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಆತಂಕ, ಖಿನ್ನತೆ ಕಡಿಮೆಯಾಗುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ಆ 60 ನಿಮಿಷವನ್ನು ಮೊಬೈಲ್ ನುಂಗುತ್ತಿದೆ. ಜಿಮ್ಮಿಗೆ ಹೋಗುವವರಲ್ಲೂ ಹಲವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ಒಂಟಿಯಾಗಿ ನಿಲ್ಲುತ್ತಾರೆ. ತೋಳು ಬೆಳೆಯುತ್ತದೆ, ಬಿದ್ದಾಗ ಕೈಕೊಡುವ ಗೆಳೆಯ ಸಿಗುವುದಿಲ್ಲ.

ಹಳೆಯ ತಾಲೀಮುಗಳನ್ನೆಲ್ಲ ಮತ್ತೆ ತೆರೆಯಲು ನಮ್ಮಿಂದಾಗದು. ಆದರೆ ಅಸರ್ ನಮಾಝಿನ ನಂತರ ಮಕ್ಕಳನ್ನು ಊರ ಬಯಲಿಗೆ ಕಳಿಸಬಹುದು. ಹೆಣ್ಣುಮಕ್ಕಳಿಗೆ ಒಂದು ಅಂಗಳವನ್ನಾದರೂ ಬಿಟ್ಟುಕೊಡಬಹುದು. ಪಕ್ಕದ ಓಣಿಯ ಮಕ್ಕಳೂ ಜೊತೆಗಿರಲಿ. ಮನೆಗೆ ಮರಳಿದ ಮಗುವನ್ನು ‘ಗೆದ್ದೆಯಾ?’ ಎಂದು ಕೇಳುವ ಮೊದಲು ‘ಯಾರ ಜೊತೆ ಆಡಿದೆ?’ ಎಂದು ಕೇಳೋಣ.