ಬರ್ಮಾ ರಣರಂಗದಲ್ಲಿ ಭಾರತೀಯ ವಾಯುಪಡೆ (1942–45)

ವಾಯುಪಡೆಯೊಂದರ ಸಾಧನೆಯನ್ನು ಅದು ಹೊಡೆದುರುಳಿಸಿದ ಶತ್ರುವಿಮಾನಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಈ ಅಳತೆಗೋಲನ್ನೇ ಹಿಡಿದು ಹೊರಟರೆ ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ವಾಯುಪಡೆಯ ಪಾತ್ರವು ನಗಣ್ಯವೆನಿಸುತ್ತದೆ. ಖಚಿತವಾಗಿ ಅದರ ಲೆಕ್ಕಕ್ಕೆ ಸಂದ ವಿಮಾನ ಒಂದೇ ಎನ್ನಲಾಗಿದೆ. ಅದು 1944ರ ಫೆಬ್ರವರಿಯಲ್ಲಿ 6ನೆಯ ಸ್ಕ್ವಾಡ್ರನ್ನಿನ ಜೆ.ಸಿ. ವರ್ಮಾ ಉರುಳಿಸಿದ ಜಪಾನೀ ಯುದ್ಧವಿಮಾನ. ಆದರೆ ಆ ಪಡೆಗೆ ಒಪ್ಪಿಸಲಾಗಿದ್ದ ಮುಖ್ಯ ಕಾರ್ಯವೇ ಬೇರೆಯಾಗಿತ್ತು.

1932ರ ಅಕ್ಟೋಬರ್ 8ರಂದು ಸ್ಥಾಪನೆಗೊಂಡ ಈ ಪಡೆಯ ಮೊದಲ ತುಕಡಿಯು 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ರೂಪುಗೊಂಡಿತು. ವಾಯವ್ಯ ಗಡಿಪ್ರಾಂತ್ಯದಲ್ಲಿ ಭೂಸೇನೆಗೆ ನೆರವಾಗುವುದಷ್ಟೇ ಅದರಿಂದ ನಿರೀಕ್ಷಿತವಾಗಿದ್ದುದು. ಇದೇ ಮನೋಭಾವ ಯುದ್ಧಕಾಲದಲ್ಲಿಯೂ ಮುಂದುವರಿಯಿತು. 1942ರ ಫೆಬ್ರವರಿಯಲ್ಲಿ ಕೆ.ಕೆ. ಮಜುಂದಾರರ ನೇತೃತ್ವದಲ್ಲಿ 1ನೆಯ ಸ್ಕ್ವಾಡ್ರನ್ ಬರ್ಮಾದ ಟೌಂಗೂ ನೆಲೆಯನ್ನು ತಲುಪಿದಾಗ ಅದರ ಬಳಿ ಇದ್ದುದು ಸೇನಾಸಹಕಾರಕ್ಕೆಂದೇ ರಚಿತವಾದ, ಮಂದಗತಿಯ ಲೈಸಾಂಡರ್ ವಿಮಾನಗಳು. ಜಪಾನೀಯರು ಆ ನೆಲೆಯ ಮೇಲೆ ಬಾಂಬ್ ದಾಳಿ ನಡೆಸಿದಾಗ, ಅದೇ ಲೈಸಾಂಡರಿಗೆ 250 ಪೌಂಡಿನ ಬಾಂಬುಗಳನ್ನು ಕಟ್ಟಿಸಿಕೊಂಡು ಮಜುಂದಾರರು ಥಾಯ್ಲೆಂಡಿನ ಮೇ ಹಾಂಗ್ ಸಾನ್ ವಿಮಾನನೆಲೆಯ ಮೇಲೆ ಪ್ರತಿದಾಳಿ ಮಾಡಿದರು. ಇದು ಸಾಹಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಥ ಸಾಹಸ ಅನಿವಾರ್ಯವಾದದ್ದೇ ಸರ್ಕಾರದ ನೀತಿಯ ಮೇಲಿನ ಟೀಕೆ ಎಂದು ಈ ಲೇಖಕನ ಅಭಿಪ್ರಾಯ.

ಪಡೆಯ ನಿಜವಾದ ಕೊಡುಗೆ ಕಾಣಸಿಗುವುದು ವೀಕ್ಷಣಾ ಹಾರಾಟಗಳಲ್ಲಿ. 1943ರ ಕೊನೆಯಿಂದ ಮೆಹರ್ ಸಿಂಗರ ನೇತೃತ್ವದಲ್ಲಿ 6ನೆಯ ಸ್ಕ್ವಾಡ್ರನ್ ಅರಾಕಾನ್ ರಂಗದಲ್ಲಿ ಹಳೆಯ ಹರಿಕೇನ್ ವಿಮಾನಗಳನ್ನು ಬಳಸಿತು. ಹಾರಾಟ ಯಾವಾಗಲೂ ಜೋಡಿಯಾಗಿ. ಒಬ್ಬನು ತಗ್ಗಿನಲ್ಲಿ ಹಾರುತ್ತ ಕಾಡಿನ ಸೆರಗು, ಹೊಳೆಯ ದಡ, ಬಂಡಿಜಾಡುಗಳನ್ನು ಪರಿಶೀಲಿಸಿ ಛಾಯಾಚಿತ್ರ ತೆಗೆಯಬೇಕು. ಇನ್ನೊಬ್ಬನು ಹಿಂದಿನಿಂದ ಆಕಾಶವನ್ನು ಕಾಯಬೇಕು. ನೆಲ ನೋಡುವವನ ಪ್ರಾಣ ಮುಗಿಲು ನೋಡುವವನ ಕಣ್ಣಿನಲ್ಲಿತ್ತು. 14ನೆಯ ಸೇನೆಯ ದಂಡನಾಯಕ ಸ್ಲಿಮ್ 1956ರಲ್ಲಿ ಪ್ರಕಟಿಸಿದ ಯುದ್ಧಸ್ಮೃತಿಯಲ್ಲಿ ಈ ಜೋಡಿ ಹಾರಾಟಗಳನ್ನು ವಿಶೇಷವಾಗಿ ನೆನೆದಿರುವುದು ಗಮನಾರ್ಹ. ಮೆಹರ್ ಸಿಂಗರಿಗೆ ಡಿ.ಎಸ್.ಓ. ಪದಕ ಸಂದಿತು.

1944ರ ಮಾರ್ಚಿನಿಂದ ಜುಲೈವರೆಗೆ ನಡೆದ ಇಂಫಾಲ್ ಕಾಳಗದಲ್ಲಿ ಈ ವೀಕ್ಷಣಾಕಾರ್ಯ ಅರ್ಜನ್ ಸಿಂಗರ 1ನೆಯ ಸ್ಕ್ವಾಡ್ರನ್ನಿನ ಪಾಲಿಗೆ ಬಂದಿತು. ಸುತ್ತಲಿನ ರಸ್ತೆಗಳು ಕಡಿದುಹೋಗಿ ಕಣಿವೆಯು ವಿಮಾನಗಳನ್ನೇ ನಂಬಿ ಬದುಕಿದ್ದ ದಿನಗಳವು. ಶತ್ರುವಿನ ಚಲನವಲನ ತಿಳಿಯದೆ ಸೇನೆ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಇಲ್ಲಿಯೇ ನಮ್ಮ ಇತಿಹಾಸಲೇಖನ ಮೆಲ್ಲನೆ ದಾಟಿಹೋಗುವ ಸಂಗತಿಯೊಂದಿದೆ. ಜಪಾನೀ ಸೇನೆಯೊಂದಿಗೆ ಆಜಾದ್ ಹಿಂದ್ ಫೌಜಿನ ಸೈನಿಕರೂ ಇದ್ದರು. ಏಪ್ರಿಲ್ 14ರಂದು ಅವರು ಮೊಯಿರಾಂಗಿನಲ್ಲಿ ಧ್ವಜವೇರಿಸಿದರು. ಮುಂದಿನ ತಿಂಗಳು ಕಣಿವೆಯ ಪಾಲೇಲ್ ವಿಮಾನನೆಲೆಯ ಮೇಲೆರಗಿದವರಲ್ಲಿ ಗಾಂಧಿ ಬ್ರಿಗೇಡಿನವರಿದ್ದರು. ಹರಿಕೇನಿನಿಂದ ಕೆಳಗೆ ನೋಡಿದ ಭಾರತೀಯ ವೈಮಾನಿಕನಿಗೆ ಆ ಎತ್ತರದಿಂದ ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಇವನನ್ನು ಕೂಲಿಯೆಂದೋ ಅವನನ್ನು ದ್ರೋಹಿಯೆಂದೋ ಕರೆಯುವುದು ಸುಲಭ. ಎರಡೂ ಕರೆಗಳನ್ನು ಆಧಾರಗಳು ಸಮರ್ಥಿಸುವುದಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಪಡೆಯಲ್ಲಿ 9 ಸ್ಕ್ವಾಡ್ರನ್ನುಗಳೂ ಸುಮಾರು 28,500 ಸಿಬ್ಬಂದಿಯೂ ಇದ್ದರು. 1945ರ ಮಾರ್ಚಿನಲ್ಲಿ ಅದರ ಹೆಸರಿಗೆ 'ರಾಯಲ್' ಎಂಬ ಉಪಾಧಿ ಸೇರಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಆರಂಭವಾಯಿತು. 1946ರ ಆರಂಭದಲ್ಲಿ ವಾಯುಪಡೆಯ ಸಿಬ್ಬಂದಿಯೇ ಹಲವು ನೆಲೆಗಳಲ್ಲಿ ಮುಷ್ಕರ ಹೂಡಿದರು. 1947ರ ಆಗಸ್ಟ್ 15ರಂದು ಅದೇ ಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಸಾಲನ್ನು ಮುನ್ನಡೆಸಿದವರು, ಇಂಫಾಲಿನಲ್ಲಿ 1ನೆಯ ಸ್ಕ್ವಾಡ್ರನ್ನನ್ನು ನಡೆಸಿದ್ದ ಅರ್ಜನ್ ಸಿಂಗರು.